ಕಾಲುವೆಯ ನೀರು, ಮಳೆಯ ನೀರು

ಹಳೆಯ ವಿದ್ಯಾರ್ಥಿಗಳು ಕೊಪ್ಪಳದ ಪೇಟೆಯಲ್ಲಿ ಎದುರಾದಾಗ "ಹೆಂಗದೀರಿ ಸರ್?" ಎಂದು ಕೇಳುತ್ತಾರೆ. "ಆರಾಮ ಅದೀನಪ್ಪ" ಎನ್ನುತ್ತೇನೆ. ಇದು ಲೋಕರೂಢಿಯ ಉತ್ತರವಲ್ಲ. ನಿವೃತ್ತನಾಗಿ ಹದಿನೈದು ವರ್ಷ ಕಳೆದ ಮೇಲೂ ನಾನು ನಿಜವಾಗಿ ಆರಾಮವಾಗಿಯೇ ಇದ್ದೇನೆ.

ನಾನು 1974ರಲ್ಲಿ ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಸೇರಿದಾಗ ಈ ಸೀಮೆಯೆಲ್ಲ ರಾಯಚೂರು ಜಿಲ್ಲೆಗೆ ಸೇರಿತ್ತು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಬಳಿಕ ಗಂಗಾವತಿಯ ಕಡೆ ಹಲವು ವರ್ಷ ದುಡಿದು, ಕೊನೆಗೆ ಕೊಪ್ಪಳಕ್ಕೆ ಬಂದು, 2010ರ ಅಕ್ಟೋಬರಿನಲ್ಲಿ ಸೇವೆಯಿಂದ ಬಿಡುಗಡೆ ಹೊಂದಿದೆ. ಪೂರ್ಣ ಸೇವೆಯಾಗಿದ್ದುದರಿಂದ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ. ನನ್ನ ನಂತರ ಮಡದಿಗೆ ಕುಟುಂಬ ಪಿಂಚಣಿ. 2006ರ ಏಪ್ರಿಲ್ ತಿಂಗಳಿಂದೀಚೆಗೆ ನೌಕರಿಗೆ ಸೇರಿದ ನನ್ನ ಕಿರಿಯ ಸಹೋದ್ಯೋಗಿಗಳಿಗೆ ಹೊಸ ಪಿಂಚಣಿ ಯೋಜನೆ ಅನ್ವಯವಾಯಿತು; ಅದರಲ್ಲಿ ಮುಂದೆ ಇಷ್ಟೇ ಬರುತ್ತದೆಂಬ ಖಾತ್ರಿಯಿಲ್ಲ. ನಾನು ಮೊದಲೇ ಹುಟ್ಟಿದೆ, ಮೊದಲೇ ಸೇರಿದೆ. ಅದರಲ್ಲಿ ನನ್ನ ಜಾಣತನವೇನೂ ಇಲ್ಲ.

ನಿವೃತ್ತಿಯ ಹೊತ್ತಿಗೆ ಪಿಂಚಣಿಯ ಮೂರನೆಯ ಒಂದು ಭಾಗವನ್ನು ಪರಿವರ್ತಿಸಿ, ಒಟ್ಟಿಗೆ ಬಂದ ಹಣದಲ್ಲಿ ಒಂದು ಪುಟ್ಟ ಮನೆ ಕಟ್ಟಿಸಿದೆ. ಹದಿನೈದು ವರ್ಷ ತುಂಬಿ, 2025ರ ಕೊನೆಗೆ ಆ ಕಡಿತ ನಿಂತಿತು. ಪಾಸ್‌ಬುಕ್ಕಿನಲ್ಲಿ ಮೊತ್ತ ಏರಿದ್ದನ್ನು ಕಂಡು ನಾನೂ ಮಡದಿಯೂ ಮುಖ ಮುಖ ನೋಡಿಕೊಂಡೆವು. ಮಕ್ಕಳು ಅವರವರ ದಾರಿ ಹಿಡಿದಿದ್ದಾರೆ. ನಮ್ಮ ಖರ್ಚು ರೊಟ್ಟಿ, ಔಷಧ, ವರ್ಷಕ್ಕೊಮ್ಮೆ ಗವಿಮಠದ ಜಾತ್ರೆ. ಈ ಹೆಚ್ಚಿನ ಹಣದಿಂದ ಮಾಡುವುದೇನು?

ಆಗ ನೆನಪಾದವನು ತಮ್ಮ.

ನಮ್ಮದು ಕುಷ್ಟಗಿ ತಾಲೂಕಿನ ಮಳೆಯಾಶ್ರಿತ ಹೊಲ, ಆರು ಎಕರೆ. 1972ರ ಬರಗಾಲದಲ್ಲಿ ಇಬ್ಬರನ್ನೂ ಓದಿಸುವ ಶಕ್ತಿ ಅಪ್ಪನಿಗೆ ಉಳಿದಿರಲಿಲ್ಲ. ನಾನು ಶಿಕ್ಷಕರ ತರಬೇತಿಗೆ ಹೋದೆ. ಏಳನೆಯ ಇಯತ್ತೆಯಲ್ಲಿದ್ದ ತಮ್ಮ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿ ಬಾರುಕೋಲು ಹಿಡಿದ. ಇಂದಿಗೂ ಅದನ್ನು ಕೆಳಗಿಟ್ಟಿಲ್ಲ. ರೈತನಿಗೆ ನಿವೃತ್ತಿಯ ದಿನಾಂಕವೆಂಬುದಿಲ್ಲ; ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿಯೇ ಅವನ ಪಿಂಚಣಿ.

ಗಂಗಾವತಿಯಲ್ಲಿದ್ದಾಗ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಕಾಲುವೆಯ ರೈತ ನೀರು ಬಿಡುವ ದಿನವನ್ನು ಕೇಳುತ್ತಾನೆ. ಕುಷ್ಟಗಿ, ಯಲಬುರ್ಗಾ ಕಡೆಯ ರೈತ ಮುಗಿಲನ್ನು ಕೇಳುತ್ತಾನೆ. 2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯ ಊರುಗಳೆಲ್ಲ ತಲ್ಲಣಿಸಿದವು. ಅಂಥ ತಲ್ಲಣ ನನ್ನ ತಮ್ಮನಿಗೆ ಪ್ರತಿ ಮುಂಗಾರಿನಲ್ಲಿಯೂ ಇದ್ದದ್ದೇ. ಒಂದೇ ತಾಯಿಯ ಮಕ್ಕಳಲ್ಲಿ ನನ್ನ ಬಾಳು ಕಾಲುವೆಯ ನೀರಿನದು, ಅವನದು ಮಳೆಯ ನೀರಿನದು.

ಕಳೆದ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋದೆವು. ಹೊಲದಲ್ಲಿ ಕುಳಿತು ಸಜ್ಜೆರೊಟ್ಟಿ, ಪುಂಡಿಪಲ್ಯ ಉಂಡ ಮೇಲೆ, ಇನ್ನು ತಿಂಗಳಿಗಿಷ್ಟೆಂದು ಹಣ ಕಳುಹಿಸುವೆನೆಂದು ತಮ್ಮನಿಗೆ ಹೇಳಿದೆ. ಅವನು ನಕ್ಕ.

"ಯಣ್ಣಾ, ನಿನ್ನ ರೊಕ್ಕ ನಿನಗಿರಲಿ. ವರ್ಷಾ ಸೈ ಮಾಡಸಾಕ ಕೊಪ್ಪಳಕ್ಕ ಬರೂದೊಂದು ತಪ್ಪಿದ್ರ ಸಾಕು."

ಅವನ ದನಿಯಲ್ಲಿ ದೂರಿನ ಎಳೆಯೂ ಇರಲಿಲ್ಲ. ಆದರೆ ನನ್ನ ಗಂಟಲಿನಲ್ಲಿ ತುತ್ತು ನಿಂತಿತು. ಪಹಣಿಯಲ್ಲಿ ಇಬ್ಬರ ಹೆಸರೂ ಇತ್ತು. ಬೆಳೆಸಾಲ ಬೇಕಾದಾಗಲೆಲ್ಲ ಅವನು ಒಂದು ದಿನದ ದುಡಿತ ಬಿಟ್ಟು, ಜೊತೆಗೊಂದು ಚೀಲ ಜೋಳ ಹೊತ್ತು, ನನ್ನ ಸಹಿಗಾಗಿ ಬರುತ್ತಿದ್ದ. ನಾನು ಚಹಾ ಕುಡಿಸಿ ಸಹಿ ಹಾಕುತ್ತಿದ್ದೆ. ತಮ್ಮ ಬಂದನೆಂದು ಸಂತೋಷಪಡುತ್ತಿದ್ದೆ. ಐವತ್ತು ವರ್ಷ ನೇಗಿಲು ಮುಟ್ಟದ ನನಗೆ ಆ ಮೂರು ಎಕರೆ ಏಕೆ ಬೇಕಿತ್ತು? ನಾಳೆ ಏನಾದರೂ ಆದರೆ ಇರಲಿ ಎಂಬ ಅಂಜಿಕೆ, ಅಷ್ಟೇ. ಆ "ನಾಳೆ"ಯನ್ನು ಸರಕಾರ ಎಂದೋ ನೋಡಿಕೊಂಡಿತ್ತು.

ಮಡದಿ, ಮಕ್ಕಳೊಡನೆ ಮಾತನಾಡಿದೆ. ಮಗ ಒಂದು ಗಳಿಗೆ ಸುಮ್ಮನಿದ್ದು, "ಅದು ಕಾಕಾನದೇ ಅಲ್ಲೇನಪ್ಪ?" ಎಂದ. ಮುಂದಿನ ತಿಂಗಳೇ ಕುಷ್ಟಗಿಯ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿದೆವು. ತಮ್ಮ ಹೊರಗೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರ ಜ್ವಾಳಾ ಬ್ಯಾಡನ?" ಎಂದು ಕೇಳಿದ. "ಜ್ವಾಳಾ ಬೇಕು, ನೀನೂ ಬರಬೇಕು. ಸೈಗಲ್ಲ, ಊಟಕ್ಕ" ಎಂದೆ.

ಇದನ್ನು ತ್ಯಾಗವೆಂದು ಓದುಗರು ಭಾವಿಸಬಾರದು. ಹೊಟ್ಟೆ ತುಂಬಿದವನು ಎಲೆಯಲ್ಲಿ ಉಳಿದದ್ದನ್ನು ಬಿಟ್ಟೇಳುವುದು ತ್ಯಾಗವಲ್ಲ. ಅದೂ ಹದಿನೈದು ವರ್ಷ ತಡವಾಗಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಹಾಗೆಯೇ ಬಾಳಿದ್ದೇನೆ. ಆ ಹಾಸಿಗೆಯನ್ನು ಹಾಸಿದವರು ಯಾರೆಂದು ಮಾತ್ರ ಕೇಳಿಕೊಂಡಿರಲಿಲ್ಲ.

ಈಗಲೂ ಯಾರಾದರೂ ಕೇಳಿದರೆ "ಆರಾಮ" ಎನ್ನುತ್ತೇನೆ. ಮುಂಗಾರಿನಲ್ಲಿ ಮಾತ್ರ ಪತ್ರಿಕೆ ಬಂದೊಡನೆ ಕುಷ್ಟಗಿಯಲ್ಲಿ ಎಷ್ಟು ಮಳೆಯಾಯಿತೆಂದು ಮೊದಲು ನೋಡುತ್ತೇನೆ.