ಅಪ್ಪನ ಚೀಲದಲ್ಲಿದ್ದ ಪುಡಿ

ಮಧುನಾಶಿನಿಯ ಎರಡು ಎಲೆ ಅಗಿದು, ಆಮೇಲೆ ಸಕ್ಕರೆ ಬಾಯಿಗೆ ಹಾಕ್ಕೊಂಡು ನೋಡಿ. ಮರಳು ತಿಂದ ಹಾಗಿರುತ್ತೆ. ಚಿಕ್ಕವನಿದ್ದಾಗ ಸಾವನದುರ್ಗದ ಕಡೆ ದನ ಹೊಡ್ಕೊಂಡು ಹೋದಾಗ ಅಪ್ಪನೇ ಕಲಿಸಿದ ಆಟ ಇದು.

2021ರಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಊರಲ್ಲೇ ಇದ್ದೆ. ಒಂದು ಬೆಳಗ್ಗೆ ಸ್ಟ್ಯಾಂಡಪ್ ಕಾಲ್ ನಡೀತಿದ್ದಾಗ ಅವ್ವ ಕೂಗಿಕೊಂಡಳು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪಿನ ಹೊರೆಗೆ ಒರಗಿ ಕೂತಿದ್ದ ಅಪ್ಪ, ಬೆವೆತು ತೊಪ್ಪೆಯಾಗಿ ಏನೇನೋ ತೊದಲುತ್ತಿದ್ದ. ಗ್ಲುಕೋಮೀಟರ್ 46 ತೋರಿಸಿತು. ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿ, ಕಾರಿಗೆ ಹಾಕ್ಕೊಂಡು ಪೇಟೆಗೆ ಓಡಿದೆ.

ಡ್ರಿಪ್ ಹಾಕಿ ಅಪ್ಪ ಚೇತರಿಸಿಕೊಂಡ ಮೇಲೆ ಡಾಕ್ಟರ್ ಅವನ ಮಾತ್ರೆ ಚೀಲ ತೆಗೆಸಿದರು. ಗ್ಲಿಮೆಪಿರೈಡ್ ಮಾತ್ರೆಗಳ ಜೊತೆಗೆ ಪೇಪರಿನಲ್ಲಿ ಕಟ್ಟಿದ ಹಸಿರು ಪುಡಿ ಸಿಕ್ಕಿತು. ನಾಟಿ ವೈದ್ಯರು ಕೊಟ್ಟ ಮಧುನಾಶಿನಿ. ಡಾಕ್ಟರ್ ಪೊಟ್ಟಣವನ್ನು ನೇರ ಡಸ್ಟ್‌ಬಿನ್ನಿಗೆ ಎಸೆದರು. "ಸೊಪ್ಪುಸದೆ ತಿನ್ನೋದಾದರೆ ನಮ್ಮ ಹತ್ರ ಯಾಕೆ ಬರ್ತೀರಿ? ಓದಿರೋರು, ನೀವಾದರೂ ಹೇಳಬಾರದಾ?" ಅಪ್ಪ ತಲೆ ತಗ್ಗಿಸಿಕೊಂಡು ಮಲಗಿದ್ದ.

ರಾತ್ರಿ ಕೇಳಿದೆ, "ಡಾಕ್ಟರಿಗೆ ಯಾಕಪ್ಪ ಹೇಳಿರಲಿಲ್ಲ?"

"ಹೇಳುದ್ರೆ ಬಯ್ತಾರೆ ಕಣ್ ಮಗ."

"ಪಂಡಿತರಿಗೆ ಮಾತ್ರೆ ವಿಷಯ?"

"ಅವ್ರೂ ಬಯ್ತಾರೆ."

ಗ್ಲಿಮೆಪಿರೈಡ್ ಮೇದೋಜೀರಕವನ್ನು ಒತ್ತಾಯಿಸಿ ಇನ್ಸುಲಿನ್ ಹೊರಡಿಸುತ್ತೆ. ಮಧುನಾಶಿನಿಗೂ ಸಕ್ಕರೆ ಇಳಿಸುವ ಗುಣ ಇದೆ. ಮೇಲೆ ಅವತ್ತು ಅಪ್ಪ ಮುದ್ದೆಯನ್ನೂ ತಿನ್ನದೆ ತೋಟಕ್ಕೆ ಹೋಗಿದ್ದ. ಇಬ್ಬರು ಒಬ್ಬರಿಗೊಬ್ಬರು ಹೇಳದೆ ಒಂದೇ ಸರ್ವರಿಗೆ ಕೋಡ್ ಹಾಕಿದರೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಅಲ್ಲಿ ಲಾಗ್ ಆದರೂ ಇರುತ್ತೆ.

ಡಾಕ್ಟರ ಸಿಟ್ಟು ಸುಮ್ಮಸುಮ್ಮನೆ ಬಂದದ್ದಲ್ಲ. ಮಂಡಿನೋವಿನ ಪುಡಿಯಲ್ಲಿ ಸ್ಟೆರಾಯ್ಡ್ ಬೆರೆಸಿದ್ದನ್ನು, ಬಿಗಿಯಾಗಿ ಕಟ್ಟಿದ ಕಟ್ಟಿನಿಂದ ಕೈ ಕೊಳೆತದ್ದನ್ನು ಅವರು ಕಂಡಿರುತ್ತಾರೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕೆ ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನ ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಆದರೆ ಬೈಗುಳದಿಂದ ಅಪ್ಪ ಪುಡಿ ಬಿಡಲಿಲ್ಲ. ಬಚ್ಚಿಡೋದನ್ನು ಕಲಿತ, ಅಷ್ಟೆ.

2020ರ ನವೆಂಬರಿನಲ್ಲಿ ಆಯುರ್ವೇದದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ 58 ಬಗೆಯ ಶಸ್ತ್ರಚಿಕಿತ್ಸೆಗಳ ತರಬೇತಿಗೆ ಅನುಮತಿ ಬಂದಾಗ, ಐಎಂಎ ಅದನ್ನು 'ಮಿಕ್ಸೋಪಥಿ' ಅಂತ ಕರೆದು ಡಿಸೆಂಬರ್ 11ಕ್ಕೆ ಮುಷ್ಕರ ಹೂಡಿತು. ಟಿವಿಯಲ್ಲಿ ಕತ್ತರಿ ಯಾರ ಕೈಲಿರಬೇಕು ಅಂತಲೇ ಜಗಳ. ಮಿಕ್ಸೋಪಥಿ ನಮ್ಮನೆ ಅಡುಗೆಮನೆ ಗೂಡಲ್ಲಿ ಎಷ್ಟೋ ವರ್ಷದಿಂದ ನಡೀತಾನೇ ಇತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಯುರ್ವೇದ, ಯೋಗದವರೂ ಮನೋವೈದ್ಯರೂ ಜೊತೆಗೆ ಕೆಲಸ ಮಾಡುವ ವಿಭಾಗವೇ ಇದೆ. ನಮ್ಮ ಪೇಟೆಯಲ್ಲಿ ಇಬ್ಬರ ಮಧ್ಯೆ ಎರಡು ಬೀದಿ ದೂರ, ಫೋನ್ ಇಲ್ಲ.

ಡಿಸ್ಚಾರ್ಜ್ ದಿನ ಒಂದು ತಮಾಷೆ ಆಯ್ತು. ನರ್ಸ್ ಅವ್ವನನ್ನು ಪಕ್ಕಕ್ಕೆ ಕರೆದು, "ಅಮ್ಮ, ನಿಮ್ ಕಡೆ ನೆಲನೆಲ್ಲಿ ಸಿಗುತ್ತಾ? ನಮ್ ತಮ್ಮಂಗೆ ಕಾಮಾಲೆ" ಅಂದರು. ಡಾಕ್ಟರಿಗೆ ಹೇಳಬೇಡಿ ಅಂತ ಬೇರೆ. ಅವ್ವ ಅವರಿಗೆ, "ಮೊದ್ಲು ರಕ್ತ ಪರೀಕ್ಷೆ ಮಾಡ್ಸವ್ವ" ಅಂದಳು.

ಊರಿಗೆ ಬಂದು ಒಂದು ಹಾಳೆಯಲ್ಲಿ ಅಪ್ಪ ನುಂಗುವುದನ್ನೆಲ್ಲ ಹೊತ್ತಿನ ಸಮೇತ ಬರೆದೆ. ಡಾಕ್ಟರ್ ಅದನ್ನು ನೋಡಿ ಗೊಣಗಿದರು, ಆದರೂ ಮಾತ್ರೆಯ ಡೋಸ್ ಇಳಿಸಿದರು. ಪಂಡಿತರು ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, "ಇದನ್ನ ಮುಂಚೇನೇ ಹೇಳಬಾರದಾ?" ಅಂತ ಪುಡಿ ನಿಲ್ಲಿಸಿಬಿಟ್ಟರು.

ಈಗಲೂ ಅಪ್ಪ ತೋಟದ ಬೇಲಿಯಲ್ಲಿ ಆಗೊಂದು ಈಗೊಂದು ಎಲೆ ಕಿತ್ತು ಅಗಿಯುತ್ತಾನೆ. ಮೊನ್ನೆ ಅದನ್ನೂ ಹಾಳೆಗೆ ಸೇರಿಸಿದೆ. "ಅದ್ಯಾಕ್ ಬರೀತೀಯ, ಅದು ಔಸ್ದಿ ಅಲ್ಲ ಕಣ್ಲಾ" ಅಂದ.