ನೆಲಮಂಗಲದಿಂದ ಹೊಸಕೋಟೆಗೆ

ಪರದೇಶಕ್ಕೆ ಹೊರಟವರನ್ನು ಬೀಳ್ಕೊಡುವುದಕ್ಕೆ ಜನರು ವಿಮಾನ ನಿಲ್ದಾಣಕ್ಕೆ ಹೋಗುವುದು ವಾಡಿಕೆ. ನಾವು ಒಬ್ಬಾತನನ್ನು ಬೀಳ್ಕೊಟ್ಟುದು ಲಾರಿಯಲ್ಲಿ ಕುಳಿತು. ಆತನು ನಮ್ಮ ನೆರೆಮನೆಯ ಸೊಸೆಯ ಅಣ್ಣ. ದೊಡ್ಡಬಳ್ಳಾಪುರದ ಬಳಿಯ ಹಳ್ಳಿಯವನು. ಹದಿನಾಲ್ಕು ವರ್ಷಗಳಿಂದ ಲಾರಿ ನಡೆಸುತ್ತ ಬಂದವನು. ಕೊಲ್ಲಿಯ ದೇಶವೊಂದರಲ್ಲಿ ಟ್ರೇಲರು ಓಡಿಸುವ ಕೆಲಸ ದೊರೆತು, ಹೊರಡುವುದಕ್ಕೆ ಇನ್ನು ಒಂಬತ್ತೇ ದಿನಗಳು ಉಳಿದಿದ್ದವು. “ಇದು ಇಲ್ಲಿಯ ಕಡೇ ಲೋಡು, ಸ್ವಾಮಿ. ಹೊಸಕೋಟೆ ತನಕ ಬನ್ನಿ, ದಾರಿಯಲ್ಲಿ ನಮ್ಮ ಮನೆಯಲ್ಲಿ ಊಟ ಮಾಡಿಕೊಂಡು ಹೋಗೋಣ” ಎಂದು ಕರೆದನು. ನಾವು ಸಂತೋಷದಿಂದ ಒಪ್ಪಿದೆವು.

ಧನುರ್ಮಾಸದ ಚಳಿ. ಬೆಳಕು ಹರಿಯುವ ಮೊದಲೇ ನೆಲಮಂಗಲದಲ್ಲಿ ಲಾರಿಗಳ ಸಂತೆ ನೆರೆದಿದ್ದಿತು. ಬೆಂಗಳೂರಿನಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆದು, ಒಂದು ತುಮಕೂರಿನ ಮೇಲೆ ಪುಣೆ ಮುಂಬಯಿಗಳ ಕಡೆಗೂ, ಇನ್ನೊಂದು ಹಾಸನದ ಮೇಲೆ ಮಂಗಳೂರಿನ ಕಡೆಗೂ ಹೋಗುವುದು. ಚಹದ ಅಂಗಡಿಯ ಬೆಂಚಿನ ಮೇಲೆ ತಮಿಳು, ಮರಾಠಿ, ಹಿಂದಿ ಎಲ್ಲ ಭಾಷೆಗಳೂ ಕಿವಿಗೆ ಬಿದ್ದವು. ಕ್ಯಾಬಿನ್ನುಗಳ ಹಲಗೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದವರಲ್ಲಿ ಅನೇಕರು ಮನೆಯನ್ನು ಬಿಟ್ಟು ವಾರಗಳಾಗಿದ್ದುವಂತೆ. ನಮ್ಮ ಲಾರಿಯಲ್ಲಿ ಗುಜರಾತಿನಿಂದ ಬಂದ ಟೈಲ್ಸು ತುಂಬಿದ್ದಿತು. ಕ್ಲೀನರು ಹುಡುಗನು ಚಕ್ರಗಳನ್ನು ಕಬ್ಬಿಣದಿಂದ ತಟ್ಟಿ ನೋಡಿ, “ರೈಟ್!” ಎಂದನು, ಹೊರಟೆವು.

ಊರಿನಲ್ಲಿ ದುಡಿಮೆ ಇರುವಾಗ ಅಷ್ಟು ದೂರ ಹೋಗುವುದೇಕೆಂದು ಕೇಳಿದೆವು. ಸಂಬಳಕ್ಕಿಂತ ಮೊದಲು ಆತನು ನಿದ್ದೆಯ ಮಾತನ್ನೆತ್ತಿದನು. ಬಾಟಾ ಹೆಚ್ಚಾಗಬೇಕಾದರೆ ಟ್ರಿಪ್ಪು ಹೆಚ್ಚಾಗಬೇಕು. ಟ್ರಿಪ್ಪು ಹೆಚ್ಚಾಗಬೇಕಾದರೆ ನಿದ್ದೆ ಕಡಿಮೆಯಾಗಬೇಕು. ಹದಿನಾರು ಗಂಟೆ ಸ್ಟೇರಿಂಗು ಹಿಡಿದ ದಿನಗಳು ಆತನಿಗೆ ಲೆಕ್ಕಕ್ಕಿಲ್ಲ. ಯೂರೋಪಿನ ಒಕ್ಕೂಟದ ದೇಶಗಳಲ್ಲಿ ಲಾರಿಯವನು ನಾಲ್ಕೂವರೆ ಗಂಟೆ ನಡೆಸಿದ ಮೇಲೆ 45 ನಿಮಿಷ ವಿಶ್ರಮಿಸಲೇಬೇಕೆಂದೂ, ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಳೇ ಮಿತಿಯೆಂದೂ, ಅದನ್ನು ಗುರುತುಹಾಕುವ ಯಂತ್ರವು ವಾಹನದಲ್ಲಿಯೇ ಇರುವುದೆಂದೂ ನಾವು ತಿಳಿಸಿದೆವು. ನಮ್ಮ ದೇಶದಲ್ಲಿಯೂ 1961ರಷ್ಟು ಹಿಂದೆಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ವಿಧಿಸಿದ್ದಿತೆಂದಾಗ ಆತನು ನಕ್ಕುಬಿಟ್ಟನು. “ಆ ಕಾಯಿದೆ ನಮ್ಮ ರಸ್ತೆಗೆ ಇನ್ನೂ ಬಂದಿಲ್ಲ, ಸ್ವಾಮಿ.”

ಎಡಗಡೆ ಶಿವಗಂಗೆಯ ಬೆಟ್ಟ ಮಂಜಿನೊಳಗಿಂದ ತಲೆಯೆತ್ತಿದಾಗ ಆತನು ಒಂದು ಕೈಯನ್ನು ಎದೆಗೆ ಮುಟ್ಟಿಸಿಕೊಂಡನು. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ಅರ್ಧ ಸರಕನ್ನು ಇಳಿಸುವಷ್ಟರಲ್ಲಿ ಹತ್ತು ಗಂಟೆ ದಾಟಿತು. ಅಲ್ಲಿಂದ ಪೂರ್ವಕ್ಕೆ ತಿರುಗಿ 948ಎ ಎಂಬ ಹೊಸ ವರ್ತುಲ ಹೆದ್ದಾರಿಯನ್ನು ಹಿಡಿದೆವು. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೇಲೆ ಹೊಸಕೋಟೆಯನ್ನು ಸೇರುವ ಈ ದಾರಿ ಸುಮಾರು 80 ಕಿಲೋಮೀಟರು. ಲಾರಿಗಳು ಬೆಂಗಳೂರು ಪಟ್ಟಣದೊಳಕ್ಕೆ ನುಗ್ಗುವುದನ್ನು ಇದು ತಪ್ಪಿಸಿದೆ. ಎರಡು ಪಕ್ಕಗಳಲ್ಲಿಯೂ ಕಟಾವಾದ ರಾಗಿಯ ಹೊಲ, ನೀಲಗಿರಿಯ ತೋಪು, ನಡುನಡುವೆ ನಿವೇಶನಗಳ ಕಲ್ಲುಗಂಬ.

ದೊಡ್ಡಬಳ್ಳಾಪುರ ಮಗ್ಗಗಳ ಊರು. ಆತನ ಹಳ್ಳಿಯಲ್ಲಿಯೂ ವಿದ್ಯುತ್ ಮಗ್ಗಗಳ ಖಟಖಟ ಶಬ್ದ ಬೀದಿಯ ತುದಿಗೇ ಕೇಳಿಸಿತು. ಲಾರಿಯನ್ನು ಮರದ ನೆರಳಿನಲ್ಲಿ ನಿಲ್ಲಿಸಿ ನಡೆದುಹೋದೆವು. ರಾಗಿಮುದ್ದೆ, ಹಿದುಕವರೆಬೇಳೆಯ ಸಾರು ಸಿದ್ಧವಾಗಿದ್ದಿತು. ಬಡಿಸುತ್ತ ಆತನ ಮಡದಿಯು ಹೇಳಿದ ಸಂಗತಿಯನ್ನು ನಮ್ಮ ಓದುಗರ ಮನೆಗಳವರೆಲ್ಲರೂ ಕೇಳತಕ್ಕುದೆಂದು ನಮಗೆ ತೋರಿತು.

ಎರಡು ವರ್ಷಗಳ ಹಿಂದೆ ದಲ್ಲಾಳಿಯೊಬ್ಬನು ಇದೇ ಕೆಲಸವನ್ನು ಕೊಡಿಸುವೆನೆಂದು ಬಂದಿದ್ದನು. ಬೇಡಿದುದು ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ. ನಲವತ್ತು ಸಾವಿರ ಮುಂಗಡ ಕೊಟ್ಟಾಯಿತು; ಉಳಿದುದಕ್ಕೆ ಅತ್ತೆಯ ಹೆಸರಿನ ಒಂದು ಎಕರೆ ಹೊಲವನ್ನು ಆಧಾರಮಾಡುವ ಮಾತೂ ಆಯಿತು. ಗಂಡನು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವನು, ಆಕೆ ಎಸ್.ಎಸ್.ಎಲ್.ಸಿ. ಮುಗಿಸಿದವಳು. ವೀಸಾದ ನಕಲು ಬಂದ ರಾತ್ರಿ ಆಕೆ ಅದರ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. “ವಿಸಿಟ್ ಅಂತ ಇತ್ತು ಅಣ್ಣ. ಊರು ನೋಡೋಕೆ ಹೋಗೋ ಚೀಟಿ. ದುಡಿಯೋಕೆ ಹೋಗೋರಿಗೆ ಇದು ಯಾಕೆ ಅಂತ ಕೇಳಿದೆ. ಅಲ್ಲಿ ಹೋದ್ಮೇಲೆ ಬದಲಾಯಿಸ್ತೀವಿ ಅಂದ್ರು. ನಿಮ್ಮ ನೋಂದಣಿ ನಂಬರು ಕೊಡಿ ಅಂದೆ. ಆಮೇಲೆ ಫೋನೇ ಎತ್ತಲಿಲ್ಲ.” ಅಲೆದಲೆದು ಅರ್ಧ ಹಣ ಮರಳಿ ಬಂದಿತು. ಉಳಿದರ್ಧ ಬರಲಿಲ್ಲ, ಹೊಲ ಮಾತ್ರ ಉಳಿಯಿತು. ಆರು ತಿಂಗಳು ಗಂಡ ಹೆಂಡಿರಲ್ಲಿ ಸರಿಯಾಗಿ ಮಾತಿರಲಿಲ್ಲವೆಂಬುದನ್ನು ಅತ್ತೆಯೇ ನಗುತ್ತ ತಿಳಿಸಿದರು.

ಈ ಸಲ ಆಕೆ ಒಂದು ಕಡತವನ್ನೇ ಕಟ್ಟಿಟ್ಟಿದ್ದಳು. ನಾವು ಅದನ್ನು ಬಿಡಿಸಿ ನೋಡಿದೆವು. 1983ರಲ್ಲಿ ಆದ ವಲಸೆ ಕಾಯಿದೆಯಂತೆ, ಹತ್ತನೆಯ ತರಗತಿ ಮುಗಿಸದವನು ಕೊಲ್ಲಿಯ ದೇಶಗಳಿಗೆ ದುಡಿಯಲು ಹೋಗುವುದಕ್ಕೆ ವಲಸೆಗಾರರ ರಕ್ಷಣಾಧಿಕಾರಿಗಳ ಅನುಮತಿ ಬೇಕು. ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟರು ಮಾತ್ರ ಜನರನ್ನು ಕಳುಹಿಸಬಹುದು. ಅವರು ಪಡೆಯಬಹುದಾದ ಶುಲ್ಕಕ್ಕೆ, ತೆರಿಗೆಯನ್ನು ಬಿಟ್ಟು, 30,000 ರೂಪಾಯಿಗಳ ಮಿತಿಯಿದೆ. ನೋಂದಣಿಯು ನಿಜವೋ ಸುಳ್ಳೋ ಎಂಬುದನ್ನು ‘ಇ-ಮೈಗ್ರೇಟ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು. ಹೀಗೆ ಹೋಗುವವರಿಗೆ ಪ್ರವಾಸಿ ಭಾರತೀಯ ವಿಮೆಯುಂಟು. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ, ಅಪಘಾತದಿಂದ ಸಾವಾಗಲಿ ಶಾಶ್ವತ ಅಂಗವೈಕಲ್ಯವಾಗಲಿ ಸಂಭವಿಸಿದಾಗ 10 ಲಕ್ಷ ರೂಪಾಯಿ. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಲ್ಲಿಯೂ ಹೊರದೇಶದ ಉದ್ಯೋಗಕ್ಕಾಗಿ ಒಂದು ಕೇಂದ್ರವಿರುವುದು.

ಕಾಗದ ಸರಿಯಿದ್ದರೂ ರಸ್ತೆ ಬೇರೆ. ಕೊಲ್ಲಿಯ ದೇಶಗಳಲ್ಲಿ ವಾಹನವು ಬಲಗಡೆ ಓಡಬೇಕು. ನಮ್ಮ ಆರ್.ಟಿ.ಓ. ಕೊಡುವ ಅಂತರರಾಷ್ಟ್ರೀಯ ಪರವಾನಗಿ ಒಂದು ವರ್ಷದ್ದು; ಅಲ್ಲಿ ನೆಲಸಿ ದುಡಿಯುವವನು ಅಲ್ಲಿಯ ಪರವಾನಗಿಯನ್ನೇ ಪಡೆಯಬೇಕು. ಸೌದಿ ಅರೇಬಿಯದಂಥ ದೇಶದಲ್ಲಿ ಅಪಘಾತದಿಂದ ಪ್ರಾಣಹಾನಿಯಾದರೆ ತಪ್ಪಿತಸ್ಥನು ‘ದಿಯಾ’ ಎಂಬ ಪರಿಹಾರವನ್ನು ತೆರಬೇಕು. ಲಾರಿಯ ವಿಮೆ ಸರಿಯಿಲ್ಲದಿದ್ದರೆ ಆ ಹೊರೆ ಚಾಲಕನ ತಲೆಯ ಮೇಲೆಯೇ ಬೀಳಬಹುದು. ಆದುದರಿಂದ ಸಂಬಳವೆಷ್ಟೆಂದು ಕೇಳುವುದರ ಜೊತೆಗೆ ವಿಮೆ ಯಾರದೆಂದೂ ಕೇಳಬೇಕು. ಆಕೆ ಅದನ್ನೂ ಬರೆಸಿಕೊಂಡಿದ್ದಳು.

ಊಟವಾದ ಮೇಲೆ ಎಂಟು ವರ್ಷದ ಮಗಳು ತಂದೆಯ ಬೆನ್ನಿಗೆ ಜೋತುಬಿದ್ದು ರಸ್ತೆಯವರೆಗೂ ಬಂದಳು. “ಅಲ್ಲಿಂದ ಶನಿವಾರ ಬರ್ತೀಯಾ ಅಪ್ಪ?” ಎಂದು ಕೇಳಿದಳು. ಕರಾರು ಎರಡು ವರ್ಷದ್ದು. ಆತನು ಉತ್ತರ ಕೊಡದೆ, ಗಾಜನ್ನು ಒರೆಸಿ ಲಾರಿ ಹತ್ತಿದನು.

ದೇವನಹಳ್ಳಿಯ ಕಡೆಗೆ ಸಾಗಿದಾಗ ಎಡಕ್ಕೆ ನಂದಿಬೆಟ್ಟದ ಸಾಲು ಕಂಡಿತು. ಈ ಊರು ಹಿಂದೆ ಕೋಟೆಗೂ, ಟಿಪ್ಪುಸುಲ್ತಾನನ ಜನನಕ್ಕೂ, ರಸಭರಿತವಾದ ಚಕ್ಕೋತಕ್ಕೂ ಹೆಸರಾಗಿದ್ದಿತು. 2008ರ ಮೇ 24ರಿಂದ ವಿಮಾನ ನಿಲ್ದಾಣಕ್ಕೂ ಹೆಸರಾಯಿತು. ವಿಮಾನವೊಂದು ತಗ್ಗಿನಲ್ಲಿ ಹಾರಿಹೋಯಿತು. “ಹತ್ತಾರು ವರ್ಷ ಈ ಕೆಳಗೇ ಓಡಾಡಿದೀನಿ, ಸ್ವಾಮಿ. ಒಳಗೆ ಕೂತವರು ಯಾರು ಅಂತ ಯೋಚನೆ ಮಾಡಿದ್ದೇ ಇಲ್ಲ” ಎಂದನು. ಆ ಮೇಲೆ ಬಹಳ ಹೊತ್ತು ಮಾತಿರಲಿಲ್ಲ. ಕ್ಲೀನರು ಹುಡುಗನು ಸಹ ಹಾಡುವುದನ್ನು ನಿಲ್ಲಿಸಿದ್ದನು.

ಹೊಸಕೋಟೆಗೆ ಬಂದಾಗ ಹೊತ್ತು ಇಳಿದಿದ್ದಿತು. ಸ್ವೀಡನ್ ದೇಶದ ವೋಲ್ವೋ ಸಂಸ್ಥೆಯವರು 1998ರಲ್ಲಿ ಲಾರಿಗಳನ್ನು ಕಟ್ಟಲು ತೊಡಗಿದುದು ಇಲ್ಲಿಯೇ. ಅಂದು ಪರದೇಶದ ಲಾರಿ ನಮ್ಮ ಸೀಮೆಗೆ ಬಂದಿತು. ಇಂದು ನಮ್ಮ ಸೀಮೆಯ ಸಾರಥಿ ಪರದೇಶದ ಲಾರಿಯನ್ನು ಹುಡುಕಿಕೊಂಡು ಹೊರಟಿರುವನು. ಗೋದಾಮಿನ ಮುಂದೆ ಉಳಿದ ಸರಕು ಇಳಿಯಿತು. ಆತನು ಚೀಟಿಗೆ ರುಜು ಹಾಕಿ, ಟಾರ್ಪಾಲನ್ನು ತಾನೇ ಮಡಿಸಿಟ್ಟು, ಬೀಗದ ಕೈಯನ್ನು ಮಾಲೀಕರ ಕಡೆಯವನಿಗೆ ಒಪ್ಪಿಸಿದನು.

ಕ್ಲೀನರು ಹುಡುಗನು ಮೆಲ್ಲಗೆ, “ಅಣ್ಣ, ಮುಂದೆ ನನ್ನನ್ನೂ ಕರೆಸಿಕೊಳ್ತೀಯಾ?” ಎಂದು ಕೇಳಿದನು.

“ಮೊದಲು ಬಿಟ್ಟ ಪರೀಕ್ಷೆ ಕಟ್ಟಿ ಪಾಸಾಗು,” ಎಂದನು ಆತನು. “ಗೇರು ಹಾಕೋದು ನಾನು ಕಲಿಸಿದೀನಿ. ಕಾಗದ ಓದೋದು ನೀನೇ ಕಲೀಬೇಕು. ನಿಮ್ಮ ಅತ್ತಿಗೆ ಓದದೆ ಇದ್ದಿದ್ದರೆ ನನ್ನ ಗತಿ ಏನಾಗ್ತಿತ್ತೋ!”

ನಾವು ಮೂವರೂ ಬಸ್ಸು ನಿಲ್ದಾಣದ ಕಡೆಗೆ ನಡೆದೆವು.