ಸೆಳೆತದ ಕಡಲಿಗೆ ಎಂಟು ಡೈವ್ ಸಾಕೇ?



ನಮ್ಮ ಯುವಕೂಟದ ವಾಟ್ಸಾಪ್ ಗುಂಪಿನಲ್ಲಿ ನೇತ್ರಾಣಿಯ ಫೋಟೊಗಳು ಬಂದ ಮೇಲೆ ನಿಮ್ಮಲ್ಲಿ ಹಲವರು ನನ್ನನ್ನು ಸ್ಕೂಬಾ ಬಗ್ಗೆ ಕೇಳಿದ್ದೀರಿ. ಎಲ್ಲಿ ಕಲಿಸುತ್ತಾರೆ, ಎಷ್ಟು ಖರ್ಚಾಗುತ್ತದೆ ಎಂಬುದಕ್ಕೆ ಉತ್ತರ ಸುಲಭ, ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲೇ ಹೇಳಬಹುದು. ಇಲ್ಲಿ ಬರೆಯುತ್ತಿರುವುದು ಅದಕ್ಕಿಂತ ಕಷ್ಟದ ಪ್ರಶ್ನೆ. ಅದನ್ನು ಕೇಳಿದವನು ನನ್ನ ಚಿಕ್ಕಪ್ಪನ ಮಗ.

ನನ್ನ ತವರು ವಲಾಂಡಿ. ಮಹಾರಾಷ್ಟ್ರದ ಲಾತೂರು ಜಿಲ್ಲೆ, ಉದಗೀರ, ನಿಲಂಗಾ ಕಡೆಯ ಊರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಾನು ಮದುವೆಯಾಗಿ ಹೊನ್ನಾವರ ಕಡೆಗೆ ಬರುವವರೆಗೆ ಸಮುದ್ರವನ್ನು ಭೂಗೋಳದ ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ನೀರೆಂದರೆ ನಮ್ಮ ಕಡೆ ಬೇರೆಯೇ ಕಥೆ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದದ್ದು ನಿಮಗೆ ನೆನಪಿರಬಹುದು. ಆಗ ಈ ಹುಡುಗ ಇನ್ನೂ ಶಾಲೆಯಲ್ಲಿದ್ದ. ಮಳೆ ಚೆನ್ನಾಗಿ ಆದ ವರ್ಷ ಹೊಲದ ಬಾವಿ ತುಂಬಿದರೆ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಮುತ್ಯಾ ನಮ್ಮನ್ನು ಈಜಲು ಇಳಿಸುತ್ತಿದ್ದರು. ಅವನೂ ಹಾಗೆಯೇ ಕಲಿತವನು. ಈಜುವುದರಲ್ಲಿ ನನಗಿಂತ ಒಂದು ಕೈ ಮೇಲು.

ಈಗ ಅವನು ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ನನ್ನ ಮನೆಯಲ್ಲೇ ಇದ್ದು ನೇತ್ರಾಣಿಯಲ್ಲಿ ಓಪನ್ ವಾಟರ್ ಕೋರ್ಸ್ ಮುಗಿಸಿದ. ಕೋರ್ಸಿನ ನಾಲ್ಕು ಡೈವ್, ಆಮೇಲೆ ನಾಲ್ಕು, ಒಟ್ಟು ಎಂಟು. ಈ ಸಲ ಆಫೀಸಿನ ಗೆಳೆಯರ ಜೊತೆ ಅಂಡಮಾನ್‌ಗೆ ಹೋಗುವ ಯೋಜನೆ. ಪಟ್ಟಿಯಲ್ಲಿ ಎರಡು ಡೈವ್ 28ರಿಂದ 30 ಮೀಟರ್ ಆಳದವು, ಅಲ್ಲಿ ಸೆಳೆತ ಜೋರು. ಗೆಳೆಯರೆಲ್ಲ 40, 60 ಡೈವ್ ಮಾಡಿದವರು. ಅಲ್ಲೇ ಎರಡು ದಿನದಲ್ಲಿ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿಬಿಡು ಎಂದು ಹೇಳಿದ್ದಾರೆ. ಹಣ ಕಟ್ಟಿ ಆಗಿತ್ತು. ಫೋನಿನಲ್ಲಿ ಅವನು ಕೇಳಿದ್ದು ಇಷ್ಟೇ: "ಅಕ್ಕಾ, ಬಾವ್ಯಾಗ ಈಜಿ ಬೆಳೆದಾವ ನಾ. ಇಳೀಲೇನು, ಬ್ಯಾಡೇನು?"

ಮೊದಲು ಕಾರ್ಡಿನ ಮಾತು. ಫೋಟೊ ಹಾಕಿದ ನಮ್ಮ ಹುಡುಗರು ಮಾಡಿದ್ದು ಕೋರ್ಸ್ ಅಲ್ಲ, ಒಂದು ದಿನದ ಪರಿಚಯದ ಡೈವ್. ಅದರಲ್ಲಿ ಹೆಚ್ಚೆಂದರೆ 12 ಮೀಟರ್, ಮತ್ತು ಶಿಕ್ಷಕ ಪಕ್ಕದಲ್ಲೇ ಇರುತ್ತಾನೆ. ಓಪನ್ ವಾಟರ್ ಕಾರ್ಡು 18 ಮೀಟರ್‌ವರೆಗೆ. ಅಡ್ವಾನ್ಸ್ಡ್ ಎಂದರೆ ಇನ್ನೂ ಐದು ಡೈವ್, 30 ಮೀಟರ್‌ವರೆಗೆ. ಈ ಅಂಕಿಗಳನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಅದರ ಜೊತೆಗೇ ಕಲಿಸುವ ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ: ನೀವು ಕಲಿತ ನೀರು ಹೇಗಿತ್ತೋ ಹಾಗೆಯೇ ಇರುವ, ಅಥವಾ ಅದಕ್ಕಿಂತ ಸುಲಭದ ನೀರಿಗೆ ಮಾತ್ರ ಆ ಕಾರ್ಡು. ನನ್ನ ತಮ್ಮ ಕಲಿತ ನೀರು ಜನವರಿಯ ಶಾಂತ ನೀರು. ಎಂಟು ಡೈವ್ ಎಂದೆನಲ್ಲ, ನಿಜ ಹೇಳಬೇಕೆಂದರೆ ಅದು ಒಂದೇ ಡೈವನ್ನು ಎಂಟು ಸಲ ಮಾಡಿದ ಹಾಗೆ.

ಗಾಳಿಯ ಲೆಕ್ಕ ಒಂದಿದೆ, ಅದನ್ನು ಅವನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ನಾವು ಬಳಸುವ ಸಾಮಾನ್ಯ ಸಿಲಿಂಡರ್ 11 ಲೀಟರಿನದು, 200 ಬಾರ್ ಒತ್ತಡದಲ್ಲಿ ಸುಮಾರು 2200 ಲೀಟರ್ ಗಾಳಿ ಹಿಡಿಯುತ್ತದೆ. 50 ಬಾರ್ ಉಳಿಸಿಕೊಂಡೇ ಮೇಲೆ ಬರಬೇಕು, ಅಂದರೆ ಕೈಗೆ ಸಿಗುವುದು 1650 ಲೀಟರ್. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು 10 ಮೀಟರ್ ಆಳದಲ್ಲಿ 40 ಲೀಟರ್ ಖರ್ಚು ಮಾಡುತ್ತಾನೆ, 30 ಮೀಟರ್‌ನಲ್ಲಿ 80. ಪ್ರತಿ 10 ಮೀಟರ್‌ಗೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ, ಅದಕ್ಕೇ ಹೀಗೆ. 10 ಮೀಟರ್‌ನಲ್ಲಿ 40 ನಿಮಿಷ ಬರುವ ಸಿಲಿಂಡರ್ 30 ಮೀಟರ್‌ನಲ್ಲಿ 20 ನಿಮಿಷ. ಇನ್ನು ಸೆಳೆತಕ್ಕೆ ಎದುರಾಗಿ ಕಾಲು ಬಡಿಯತೊಡಗಿದರೆ ಉಸಿರು ಎರಡು ಪಟ್ಟಾಗುವುದು ದೊಡ್ಡ ಮಾತಲ್ಲ. ಹತ್ತೇ ನಿಮಿಷ. ಅದರಲ್ಲೇ ಮೇಲೇರುವ ಹೊತ್ತೂ ಸೇರಿದೆ: ನಿಮಿಷಕ್ಕೆ 9 ಮೀಟರ್‌ನಂತೆ ನಿಧಾನವಾಗಿ ಏರಬೇಕು, 5 ಮೀಟರ್ ಬಳಿ ಮೂರು ನಿಮಿಷ ನಿಲ್ಲಬೇಕು.

ಸೆಳೆತದ ಬಲ ಎಷ್ಟು ಎಂಬುದನ್ನೂ ಬಾವಿಯಲ್ಲಿ ಈಜಿದವರು ಊಹಿಸಲಾರರು. ಒಂದು ನಾಟ್ ವೇಗದ ಹರಿವೆಂದರೆ ಕೇಳಲು ಏನೂ ಅಲ್ಲ, ನಡೆಯುವವನಿಗಿಂತ ನಿಧಾನ. ಆದರೆ ನಿಮಿಷಕ್ಕೆ 30 ಮೀಟರ್ ಒಯ್ಯುತ್ತದೆ. ಬೆನ್ನ ಮೇಲೆ ಸಿಲಿಂಡರ್ ಹೊತ್ತು ಅದಕ್ಕೆದುರಾಗಿ ಬಹಳ ಹೊತ್ತು ಈಜುವುದು ಗಟ್ಟಿಮುಟ್ಟಾದವರಿಗೂ ಆಗದ ಕೆಲಸ. ಬಲ್ಲವರು ಈಜುವುದೇ ಇಲ್ಲ. ಬಂಡೆಯ ಮರೆ ಹಿಡಿಯುತ್ತಾರೆ, ತಳಕ್ಕೆ ಹತ್ತಿರ ಇರುತ್ತಾರೆ, ಇಲ್ಲವೇ ಹರಿವಿನ ಜೊತೆ ಹೋಗಿ, ಬಣ್ಣದ ಗುರುತಿನ ಬಲೂನನ್ನು ಮೇಲಕ್ಕೆ ಬಿಟ್ಟು, ಬೋಟು ತಮ್ಮ ಬಳಿ ಬರುವಂತೆ ಮಾಡುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರವಿಳಿತ ಹೆಚ್ಚು, ಸೆಳೆತವೂ ಹೆಚ್ಚು. ಇದು ನಮ್ಮ ಮೀನುಗಾರರ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಡೈವಿಗೆ ದಿನ ಗೊತ್ತುಮಾಡುವ ಪಟ್ಟಣದ ಹುಡುಗರು ರಜೆಯ ಕ್ಯಾಲೆಂಡರ್ ನೋಡುತ್ತಾರೆಯೇ ಹೊರತು ಚಂದ್ರನನ್ನಲ್ಲ.

ಇಷ್ಟೆಲ್ಲ ಹೇಳಿದರೂ ಫೋನಿನಲ್ಲಿ ನಾನು ಬೇಡ ಎನ್ನಲಿಲ್ಲ. ನೋಡದೆ ಹೇಗೆ ಹೇಳುವುದು? ಎರಡು ದಿನ ರಜೆ ಹಾಕಿ ಬಾ ಎಂದೆ. ಬಂದ. ಮುರುಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್, ಬೋಟಿನಲ್ಲಿ ಅಲುಗಾಟ ಸಾಕಷ್ಟಿತ್ತು. ಜನವರಿಯ ಕನ್ನಡಿಯಂಥ ನೀರು ಅಲ್ಲ ಅದು, ಹಾಗೆಂದು ಅಪಾಯದ ದಿನವೂ ಅಲ್ಲ.

ಮೊದಲ ಡೈವ್‌ನಲ್ಲಿ ನಾನು ಹಿಂದೆ ಉಳಿದು ಅವನನ್ನು ಮುಂದೆ ಬಿಟ್ಟೆ. ಮಾಸ್ಕ್ ತೆಗೆದು ಹಾಕಿಕೊಂಡ, ಗಾಬರಿ ಇಲ್ಲ. ಹಗ್ಗ ಹಿಡಿಯದೆ 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲುವಾಗ ಮಾತ್ರ ಸ್ವಲ್ಪ ಮೇಲೆ ಕೆಳಗೆ ಆದ. ಸರಾಸರಿ 12 ಮೀಟರ್ ಆಳ, 31 ನಿಮಿಷ, 150 ಬಾರ್ ಖರ್ಚು. ಲೆಕ್ಕ ಹಾಕಿದರೆ ದಡದಲ್ಲಿ ನಿಮಿಷಕ್ಕೆ 24 ಲೀಟರ್. ಹೊಸಬನಿಗೆ ಕೆಟ್ಟದ್ದೇನಲ್ಲ. 30 ಮೀಟರ್‌ಗೆ ಸಾಕೆನ್ನುವಂಥದ್ದೂ ಅಲ್ಲ.

ಎರಡನೆಯ ಡೈವ್‌ನಲ್ಲಿ ದ್ವೀಪದ ಮೂಲೆಯೊಂದರಲ್ಲಿ ಹದವಾದ ಸೆಳೆತ ಸಿಕ್ಕಿತು. ಹುಡುಗ ಧೈರ್ಯ ಬಿಡಲಿಲ್ಲ, ತಲೆ ತಗ್ಗಿಸಿ ಕಾಲು ಬಡಿದ, ಬಂಡೆಯ ಮರೆಗೆ ಬಂದು ಕೈಸನ್ನೆಯಲ್ಲಿ ಎಲ್ಲಾ ಸರಿ ಎಂದ. ನಾನು ಗೇಜ್ ತೋರಿಸು ಎಂದು ಸನ್ನೆ ಮಾಡಿದೆ. ಅವನು ಗೇಜ್ ಎತ್ತಿ ನೋಡಿದ, ಮತ್ತೊಮ್ಮೆ ನೋಡಿದ. ಅವನು ಅಂದುಕೊಂಡದ್ದಕ್ಕಿಂತ ಮುಳ್ಳು ಬಹಳ ಕೆಳಗಿತ್ತು. ಗಾಳಿ ಸಾಕಷ್ಟಿತ್ತು, ಸಮಾಧಾನವಾಗಿಯೇ ಮೇಲೆ ಬಂದೆವು. ಬೋಟಿನಲ್ಲಿ ಟವೆಲ್ ಹೊದ್ದು ಕುಳಿತವನು ತಾನಾಗಿಯೇ ಹೇಳಿದ: "ಐದು ನಿಮಿಷ ನಾ ಗೇಜ್ ನೋಡೇ ಇಲ್ಲಕ್ಕಾ. ನೀ ಎಲ್ಲಿದ್ದಿ ಅಂತನೂ ನೋಡಿಲ್ಲ."

ನನ್ನ ಉತ್ತರ ಅವನ ಬಾಯಿಂದಲೇ ಬಂದಿತ್ತು. ಹೊಸ ಡೈವರ್ ಸಿದ್ಧನೇ ಎಂದು ತಿಳಿಯಲು ನಾನು ನೋಡುವುದು ಅದನ್ನೇ. ಉಸಿರು, ತೇಲುವಿಕೆ, ಕಾಲಿನ ಬಡಿತ ಇವು ತಾವಾಗಿಯೇ ನಡೆಯುತ್ತಿರುವಾಗ ಮನಸ್ಸಿನಲ್ಲಿ ಬೇರೆಯದಕ್ಕೆ ಎಷ್ಟು ಜಾಗ ಉಳಿದಿದೆ? ಗೇಜಿಗೆ, ಜೊತೆಗಾರನಿಗೆ, ಬೋಟು ಯಾವ ಕಡೆ ಎಂಬುದಕ್ಕೆ? 12 ಮೀಟರಿನ ಹದವಾದ ಸೆಳೆತವೇ ಆ ಜಾಗವನ್ನೆಲ್ಲ ತುಂಬಿಬಿಟ್ಟರೆ, 30 ಮೀಟರಿನಲ್ಲಿ, ಅದೂ ಸಾರಜನಕದ ಅಮಲು ತಲೆಗೆ ಸ್ವಲ್ಪ ಹತ್ತುವ ಆಳದಲ್ಲಿ, ಏನು ಉಳಿದೀತು? ಬಾವಿಯಲ್ಲಿ ಕಲಿತ ಧೈರ್ಯ ಸುಳ್ಳಲ್ಲ, ಆದರೆ ಧೈರ್ಯ ಗೇಜ್ ನೋಡುವುದಿಲ್ಲ.

ಅವನಿಗೆ ಇದು ಅರ್ಥವಾಗಿತ್ತು. ಅರ್ಥವಾದದ್ದನ್ನು ಗೆಳೆಯರಿಗೆ ಹೇಳುವುದೇ ಕಷ್ಟ. "ಅವರೆಲ್ಲಾರೂ ಇಳೀತಾರ, ನಾನೊಬ್ಬ ಬೋಟಿನ್ಯಾಗ ಕುಂಡ್ರಬೇಕೇನು?" ಎಂದ. ಕಟ್ಟಿದ ಹಣದ ಚಿಂತೆ ಬೇರೆ. ನನಗೆ ಆಗ ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯ ನೆನಪಾಯಿತು. ಪ್ರಯಾಣದ ಕಾಲ ಮೀರಿದೆ, ಈಗ ಹೊರಡುವುದು ಬೇಡ ಎಂದು ಕೈದಿಯಾಗಿದ್ದ ಪೌಲ ಹೇಳುತ್ತಾನೆ. ಶತಾಧಿಪತಿ ಕೇಳುವುದು ಹಡಗಿನ ನಾವಿಕನ ಮತ್ತು ಯಜಮಾನನ ಮಾತನ್ನು. ಹಡಗಿನಲ್ಲಿ 276 ಜನ. ಹಡಗು ಒಡೆಯಿತು, ಜನ ಉಳಿದರು. ಅದನ್ನು ಓದಿದಾಗಲೆಲ್ಲ ನನಗೆ ಕಾಣುವುದು ಬಿರುಗಾಳಿಗಿಂತ ಬಂದರಿನಲ್ಲಿ ನಡೆದ ಆ ಮಾತುಕತೆ. ಯಾರ ಹಣ ಸಿಕ್ಕಿಕೊಂಡಿದೆಯೋ ಅವರಿಗೆ ಹವಾಮಾನ ಯಾವಾಗಲೂ ಸ್ವಲ್ಪ ಚೆನ್ನಾಗಿಯೇ ಕಾಣುತ್ತದೆ. ಈ ಸಲ ಹಣ ಕಟ್ಟಿದವನು ನನ್ನ ತಮ್ಮನೇ.

"ಕುಂಡ್ರಬ್ಯಾಡಪ್ಪಾ, ಬ್ಯಾರೆ ಜಾಗಾದಾಗ ಇಳಿ" ಎಂದೆ. ಅಂದು ಸಂಜೆ ಅಂಗಳದಲ್ಲಿ ಕುಳಿತು ಅವನು ಅಲ್ಲಿನ ಡೈವ್ ಅಂಗಡಿಗೆ ಫೋನ್ ಮಾಡಿದ. ತನ್ನ ಡೈವ್‌ಗಳ ಸಂಖ್ಯೆ, ಗಾಳಿಯ ಖರ್ಚು, ಸೆಳೆತದಲ್ಲಿ ಈಜಿದ್ದು ಒಂದೇ ಸಲ ಎಂಬುದು, ಎಲ್ಲವನ್ನೂ ಮುಚ್ಚದೆ ಹೇಳಿದ. ಆ ಕಡೆಯವರು ತಕ್ಷಣ ಒಪ್ಪಿದರು. ಆ ಎರಡು ಡೈವ್‌ಗಳ ಬದಲು 16 ಮೀಟರ್ ಒಳಗಿನ ಮೂರು ಡೈವ್, ಒಬ್ಬ ಶಿಕ್ಷಕನ ಜೊತೆ, ಗುರುತಿನ ಬಲೂನು ಬಿಡುವ ಅಭ್ಯಾಸ ಸಮೇತ. ಹಣದಲ್ಲಿ ಸ್ವಲ್ಪ ಹೋಯಿತು. ಗೆಳೆಯರು ಒಂದಿಷ್ಟು ತಮಾಷೆ ಮಾಡಿದರಂತೆ. ಅವರಲ್ಲೊಬ್ಬ ರಾತ್ರಿ ಬೇರೆಯಾಗಿ ಮೆಸೇಜ್ ಮಾಡಿ, ತಾನೂ ಆ ಮೂರು ಡೈವ್‌ಗೆ ಬರಬಹುದೇ ಎಂದು ಕೇಳಿದನಂತೆ.

ಅಂಡಮಾನ್‌ನಿಂದ ಅವನು ನನಗೆ ಮೀನಿನ ಫೋಟೊ ಒಂದೂ ಕಳಿಸಲಿಲ್ಲ. ಪ್ರತಿ ಡೈವ್ ಮುಗಿದ ಮೇಲೆ ಒಂದು ಸಾಲು ಬರುತ್ತಿತ್ತು: ಇಳಿದಾಗ ಎಷ್ಟು ಬಾರ್, ಹತ್ತಿದಾಗ ಎಷ್ಟು, ಸೆಳೆತ ಇತ್ತೇ ಇಲ್ಲವೇ. ಮೂರನೆಯ ದಿನದ ಸಾಲಿನ ಕೊನೆಯಲ್ಲಿ, ಗೇಜ್ ಎಷ್ಟು ಸಲ ನೋಡಿದೆ ಎಂಬ ಲೆಕ್ಕವೂ ಇತ್ತು. ಹದಿನಾಲ್ಕು ಸಲ.